ಪಿಎಚ್ ಮೀಟರ್: ಪೆನ್ನೋ, ಪ್ರೋಬ್ ಬದಲಿಸುವ ಪೆನ್ನೋ, ಹಳೆಯ ಲ್ಯಾಬ್ ಮೀಟರೋ?

ಹವ್ಯಾಸಕ್ಕೆ ರಸಾಯನಶಾಸ್ತ್ರ ಹಚ್ಚಿಕೊಂಡವರು ಪಿಎಚ್ ಮೀಟರ್ (ದ್ರಾವಣ ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಅಳೆಯುವ ಉಪಕರಣ) ಕೊಳ್ಳುವಾಗ ಮೊದಲು ನೋಡುವುದು ಪರದೆಯ ಮೇಲೆ ದಶಾಂಶದ ನಂತರ ಎಷ್ಟು ಅಂಕಿ ಬರುತ್ತವೆ ಅಂತ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ ವಿಷಯ. ಪರದೆ 0.01 ತೋರಿಸುವುದು ಸುಲಭ. ತುದಿಯಲ್ಲಿರುವ ಗಾಜು ಅಷ್ಟು ನಿಖರವಾಗಿ ಸ್ಪಂದಿಸಬೇಕಲ್ಲ. ಅಗ್ಗದ ಪೆನ್ ಮೀಟರ್, ಪ್ರೋಬ್ (ದ್ರಾವಣದಲ್ಲಿ ಅದ್ದುವ ತುದಿ) ಬದಲಿಸಬಹುದಾದ ಪೆನ್ ಮೀಟರ್, ಲ್ಯಾಬಿನಿಂದ ಹೊರಬಿದ್ದ ಹಳೆಯ ಟೇಬಲ್ ಮೀಟರ್, ಈ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ಅದೇ ಬಫರ್ ದ್ರಾವಣಗಳಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳು), ಆಮ್ಲಕ್ಕೆ ಕ್ಷಾರ ಹನಿಸಿ ಅಳೆಯುವ ಅದೇ ಟೈಟ್ರೇಷನ್‌ಗಳಲ್ಲಿ ಬಳಸಿದ್ದೇನೆ.

ಒಳಗೆ ಏನಾಗುತ್ತದೆ ಅನ್ನುವುದು ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದಂತೆ. ತೆಳು ಗಾಜಿನ ಬುರುಡೆಯ ಒಳಗೂ ಹೊರಗೂ ಹೈಡ್ರೋಜನ್ ಅಯಾನುಗಳ ಪ್ರಮಾಣ ಬೇರೆ ಇದ್ದಾಗ ಅಲ್ಲೊಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಈ ಬುರುಡೆಯಿರುವ ಪ್ರೋಬನ್ನೇ ಎಲೆಕ್ಟ್ರೋಡ್ ಅನ್ನುವುದು. ಹೊಸ ಎಲೆಕ್ಟ್ರೋಡ್‌ನಲ್ಲಿ ಪಿಎಚ್ 7ರ ಹತ್ತಿರ ಅದು ಸೊನ್ನೆ ಮಿಲಿವೋಲ್ಟ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಒಂದು ಬದಲಾದರೆ ಸುಮಾರು 59.16 ಮಿಲಿವೋಲ್ಟ್ ಬದಲಾಗುತ್ತದೆ. ಆದರೆ ಆ ಗಾಜಿನ ರೋಧ ನೂರಾರು ಮೆಗಾಓಮ್‌ವರೆಗೂ ಹೋಗಬಹುದು. ಹಾಗಾಗಿ ಸಾಮಾನ್ಯ ಮಲ್ಟಿಮೀಟರ್ ಹಚ್ಚಿದರೆ ಆ ವೋಲ್ಟೇಜ್ ಅಲ್ಲೇ ಕುಸಿದುಬಿಡುತ್ತದೆ. 1934ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಆರ್ನಾಲ್ಡ್ ಬೆಕ್‌ಮನ್ ನಿಂಬೆರಸದ ಆಮ್ಲೀಯತೆ ಅಳೆಯಲು ಕಟ್ಟಿಕೊಟ್ಟ ಯಂತ್ರದ ಹೆಚ್ಚುಗಾರಿಕೆ ಇದ್ದದ್ದೂ ಇಲ್ಲೇ: ಗಾಜಿನ ಎಲೆಕ್ಟ್ರೋಡ್ ಆಗಲೇ ಇತ್ತು, ಆತ ಅದಕ್ಕೆ ಸಣ್ಣ ವೋಲ್ಟೇಜನ್ನು ಹಿಗ್ಗಿಸುವ, ನಿರ್ವಾತ ನಳಿಕೆಯ ಆಂಪ್ಲಿಫೈಯರ್ ಜೋಡಿಸಿದ. ಅಂದರೆ ಮೀಟರ್ ಎಂದು ನಾವು ಕೊಳ್ಳುವುದು ಎರಡು ವಸ್ತು. ಆಂಪ್ಲಿಫೈಯರ್ ದಶಕಗಟ್ಟಲೆ ಬಾಳುತ್ತದೆ. ಎಲೆಕ್ಟ್ರೋಡ್ ಬಳಸಿದರೂ ಬಳಸದಿದ್ದರೂ ಮುಪ್ಪಾಗುತ್ತದೆ, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ.

ಅಗ್ಗದ ಪೆನ್ನಿನಲ್ಲಿ ಈ ಎರಡನ್ನೂ ಬೇರ್ಪಡಿಸಲಾಗದಂತೆ ಅಂಟಿಸಿರುತ್ತಾರೆ. ಅದರ ದೊಡ್ಡ ಕೊರತೆ ಇದೇ. ಹೊಸದಿದ್ದಾಗ ನನ್ನ ಪೆನ್ ಚೆನ್ನಾಗಿಯೇ ಕೆಲಸ ಮಾಡಿತು: 6.86ರ ಬಫರ್‌ನಲ್ಲಿ ಹೊಂದಿಸಿ 4.01ರಲ್ಲಿ ಅದ್ದಿದರೆ ಹೆಚ್ಚುಕಡಿಮೆ ಅದೇ ಅಂಕಿ ಬರುತ್ತಿತ್ತು. ಕೆಲವು ತಿಂಗಳು ಕಳೆದ ಮೇಲೆ ಅದೇ ಹೊಂದಾಣಿಕೆಗೆ 4.30 ಬರತೊಡಗಿತು. ಲೆಕ್ಕ ಹಾಕಿದರೆ ಇಳಿಜಾರು (ಸ್ಲೋಪ್), ಅಂದರೆ ಪಿಎಚ್ ಒಂದಕ್ಕೆ ಬದಲಾಗುವ ವೋಲ್ಟೇಜ್, ಆದರ್ಶದ ಶೇಕಡಾ 90ಕ್ಕೆ ಇಳಿದಿದೆ. ಹಿಂಭಾಗದಲ್ಲಿ ಒಂದೇ ತಿರುಪು ಇರುವ ಪೆನ್ನಿನಲ್ಲಿ ಇದನ್ನು ಸರಿಪಡಿಸಲು ದಾರಿಯೇ ಇಲ್ಲ. ಆ ತಿರುಪು ಇಡೀ ಅಳತೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸುತ್ತದೆ, ಇಳಿಜಾರನ್ನು ಮುಟ್ಟುವುದಿಲ್ಲ. ಕೊಳ್ಳುವುದಾದರೆ ಎರಡು ಅಥವಾ ಮೂರು ಬಫರ್‌ಗಳಲ್ಲಿ ಗುಂಡಿ ಒತ್ತಿ ಕ್ಯಾಲಿಬ್ರೇಟ್ ಮಾಡುವ ಪೆನ್ನನ್ನೇ ಕೊಳ್ಳಿ. ದ್ರಾವಣ ಆಮ್ಲವೋ ಕ್ಷಾರವೋ, ಎಷ್ಟರಮಟ್ಟಿಗೆ ಅಂತ ಮಾತ್ರ ಬೇಕಿದ್ದರೆ ಪೆನ್ನೂ ಬೇಡ, ಒಳ್ಳೆಯ ಪಿಎಚ್ ಕಾಗದ ಸಾಕು. ಅದಕ್ಕೆ ಬ್ಯಾಟರಿಯೂ ಇಲ್ಲ, ಕ್ಯಾಲಿಬ್ರೇಷನ್ನೂ ಇಲ್ಲ.

ಪ್ರೋಬ್ ಬದಲಿಸುವ ಪೆನ್ ವಿವರ ಓದುವಾಗ ಉತ್ತಮ ಆಯ್ಕೆ. ಬಳಕೆಯಲ್ಲೂ ಕೆಟ್ಟದ್ದಲ್ಲ. ನೀರು ತಾಗಿದರೂ ತಡೆಯುತ್ತದೆ, ಉಷ್ಣತೆಯ ಹೊಂದಾಣಿಕೆ ತಾನೇ ಮಾಡಿಕೊಳ್ಳುತ್ತದೆ. (ಆ ಹೊಂದಾಣಿಕೆ ಎಲೆಕ್ಟ್ರೋಡ್‌ನ ಇಳಿಜಾರಿಗೆ ಮಾತ್ರ, ಬಿಸಿಯಾದಾಗ ದ್ರಾವಣದ ಪಿಎಚ್ಚೇ ಬದಲಾದರೆ ಅದನ್ನು ಯಾವ ಮೀಟರೂ 25 ಡಿಗ್ರಿಗೆ ತಿರುಗಿಸಿ ಕೊಡುವುದಿಲ್ಲ.) ತೊಡಕು ಎಂದರೆ ಪ್ರೋಬ್ ಆ ಕಂಪನಿಯ ಆ ಮಾದರಿಗಷ್ಟೇ ಹೊಂದುತ್ತದೆ. ಮಾದರಿ ನಿಂತುಹೋದರೆ ಒಳ್ಳೆಯ ಆಂಪ್ಲಿಫೈಯರ್ ಕೈಯಲ್ಲಿದ್ದೂ ಉಪಯೋಗವಿಲ್ಲ.

ನನ್ನ ಮನಸ್ಸು ಗೆದ್ದದ್ದು ಹಳೆಯ ಟೇಬಲ್ ಮೀಟರ್. ಹಿಂದೆ ಬಿಎನ್‌ಸಿ ಸಾಕೆಟ್ (ಕೇಬಲ್ ತಿರುಗಿಸಿ ಸಿಕ್ಕಿಸುವ ದುಂಡಗಿನ ಜೋಡಣೆ), ಮುಂದೆ ಮಿಲಿವೋಲ್ಟ್ ತೋರಿಸುವ ಸೌಲಭ್ಯ, ಅದಕ್ಕೊಂದು ಹೊಸ ಎಲೆಕ್ಟ್ರೋಡ್. ವ್ಯತ್ಯಾಸ ಕಣ್ಣಿಗೆ ಬಿದ್ದದ್ದು ವಿನೆಗರ್ ಟೈಟ್ರೇಷನ್‌ನಲ್ಲಿ. ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬೀಳುತ್ತಿದೆ. ಅರ್ಧ ಆಮ್ಲ ತಟಸ್ಥವಾದಾಗ ಪಿಎಚ್ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ಪಿಕೆಎ (ಆಮ್ಲದ ಬಲ ಸೂಚಿಸುವ ಅಂಕಿ) ಆದ 4.76ರ ಹತ್ತಿರ ಇರಬೇಕು. ಅಲ್ಲಿ ಮೂರೂ ಹೆಚ್ಚುಕಡಿಮೆ ಒಪ್ಪಿದವು, ಬಫರ್ ವಲಯವಾದ್ದರಿಂದ ಪಿಎಚ್ ನಿಧಾನಕ್ಕೆ ಏರುತ್ತಿರುತ್ತದೆ. ಆಮ್ಲ ಪೂರ್ತಿ ತಟಸ್ಥವಾಗುವ ಅಂತ್ಯಬಿಂದುವಿನ ಹತ್ತಿರ ಒಂದು ಹನಿಗೇ ಪಿಎಚ್ ಒಂದೆರಡು ಅಂಕ ಜಿಗಿಯುತ್ತದೆ. ಟೇಬಲ್ ಮೀಟರ್ ಹನಿ ಬಿದ್ದು ಬೀಕರ್ ಕಲಕಿದೊಡನೆ ಹೊಸ ಅಂಕಿಗೆ ಬಂದು ನಿಂತಿತು. ಮುಪ್ಪಾದ ಪೆನ್ ಏರುತ್ತಲೇ ಇತ್ತು, ಮುಂದಿನ ಹನಿ ಯಾವಾಗ ಬಿಡಬೇಕು ಅನ್ನುವುದೇ ತಿಳಿಯದು. ಗ್ರಾಫ್ ಬರೆದಾಗ ಪೆನ್ನಿನ ಕಡಿದಾದ ಏರು ಬಲಕ್ಕೆ ವಾಲಿತ್ತು.

ತೀರ ಕ್ಷಾರೀಯ ದ್ರಾವಣದಲ್ಲಿ ಮೂರಕ್ಕೂ ಮಿತಿ ಇದೆ. ಪಿಎಚ್ 12ರಿಂದಾಚೆ ಸೋಡಿಯಂ ಅಯಾನುಗಳೂ ಗಾಜಿನ ಮೇಲೆ ಪ್ರಭಾವ ಬೀರಿ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನೇ ತಿನ್ನುತ್ತದೆ, ಆಮ್ಲೀಯ ಫ್ಲೋರೈಡ್ ದ್ರಾವಣದ ಹತ್ತಿರಕ್ಕೂ ಎಲೆಕ್ಟ್ರೋಡ್ ಒಯ್ಯಬೇಡಿ.

ಇನ್ನು ಬಳಸಿದ ಮೀಟರ್ ಕೊಳ್ಳುವ ಮಾತು. ಜೊತೆಗೆ ಬರುವ ಹಳೆಯ ಎಲೆಕ್ಟ್ರೋಡ್‌ಗೆ ಬೆಲೆ ಕಟ್ಟಲೇಬೇಡಿ. ಒಣಗಿದ್ದರೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಒಂದು ರಾತ್ರಿ ನೆನೆಸಿ ನೋಡಬಹುದು, ಚೇತರಿಸಿಕೊಂಡರೆ ಲಾಭ ಅಂದುಕೊಳ್ಳಿ. ಸಾಕೆಟ್ ಬಿಎನ್‌ಸಿಯೇ ಎಂದು ಚಿತ್ರದಲ್ಲಿ ಖಚಿತ ಮಾಡಿಕೊಳ್ಳಿ. ಕೆಲವು ತಯಾರಕರದು ಬೇರೆಯೇ ಜೋಡಣೆ. ಎದುರಿಗೆ ನೋಡಿ ಕೊಳ್ಳುವುದಾದರೆ ಒಂದು ತಂತಿಯ ತುಂಡಿನಿಂದ ಸಾಕೆಟ್‌ನ ನಡುವಿನ ರಂಧ್ರವನ್ನೂ ಹೊರಗಿನ ಲೋಹವನ್ನೂ ಕೂಡಿಸಿ: ಮಿಲಿವೋಲ್ಟ್ ಸೊನ್ನೆಗೆ ಬರಬೇಕು, ಪಿಎಚ್ 7ರ ಆಸುಪಾಸು ನಿಲ್ಲಬೇಕು. ತಂತಿ ತೆಗೆದ ಮೇಲೆ ಅಂಕಿ ಎಲ್ಲೆಲ್ಲೋ ಅಲೆದರೆ ಗಾಬರಿ ಬೇಡ, ಅದು ಸಹಜ. ಎಲೆಕ್ಟ್ರೋಡ್ ಜೋಡಿಸಿದ ಮೇಲೂ ಅಲೆದಾಡಿದರೆ ಮೊದಲು ಸಾಕೆಟ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ಇಷ್ಟು ದೊಡ್ಡ ರೋಧದ ಮುಂದೆ ಬೆರಳಿನ ಜಿಡ್ಡು, ತೇವವೂ ವಿದ್ಯುತ್ ಸೋರಲು ಸಾಕು.

ಮಾರುವವರಿಗೂ ನನ್ನದೊಂದು ಕೋರಿಕೆ. "ಚೆನ್ನಾಗಿ ಕೆಲಸ ಮಾಡುತ್ತದೆ" ಎಂದು ಬರೆದರೆ ಕೊಳ್ಳುವವನಿಗೆ ಏನೂ ತಿಳಿಯದು. ಹೊಸದಾಗಿ ತೆರೆದ 7.00 ಮತ್ತು 4.01ರ ಬಫರ್‌ಗಳಲ್ಲಿ ಬಂದ ಮಿಲಿವೋಲ್ಟ್ ಎರಡನ್ನೂ, ಅಂದಿನ ಉಷ್ಣತೆಯನ್ನೂ ಬರೆಯಿರಿ. 25 ಡಿಗ್ರಿಯಲ್ಲಿ ಇವೆರಡರ ಅಂತರ ಆದರ್ಶವಾಗಿ ಸುಮಾರು 177 ಮಿಲಿವೋಲ್ಟ್. 168ರ ಮೇಲಿದ್ದರೆ ಎಲೆಕ್ಟ್ರೋಡ್ ಇನ್ನೂ ಆರೋಗ್ಯವಾಗಿದೆ ಎಂದೇ ನಾನು ತೆಗೆದುಕೊಳ್ಳುತ್ತೇನೆ. 7.00ರಲ್ಲಿ ಸೊನ್ನೆಯಿಂದ 30 ಮಿಲಿವೋಲ್ಟ್‌ಗಿಂತ ಹೆಚ್ಚು ದೂರ ಸರಿದಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಮೀಟರ್ ಮಾತ್ರ ಮಾರಿ. 10.01ರ ಬಫರ್‌ನ ಅಂಕಿಯನ್ನೂ ಹೇಳಬೇಕೆಂದರೆ ಆಗಷ್ಟೇ ತೆರೆದ ಪೊಟ್ಟಣ ಬೇಕು, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದರ ಪಿಎಚ್ ಇಳಿಯುತ್ತಾ ಹೋಗುತ್ತದೆ. ಕಳಿಸುವಾಗ ಎಲೆಕ್ಟ್ರೋಡ್ ಬಿಚ್ಚಿ ಬೇರೆ ಸುತ್ತಿ, ಮುಚ್ಚಳದಲ್ಲಿ ಕೆಲವು ಹನಿ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ. ಡಿಸ್ಟಿಲ್ಡ್ ನೀರು ಮಾತ್ರ ಹಾಕಬೇಡಿ, ದಾರಿಯಲ್ಲೇ ಎಲೆಕ್ಟ್ರೋಡ್‌ನ ಅಯಾನುಗಳು ಹೊರಗೆ ಸೋರಿ, ತಲುಪುವಷ್ಟರಲ್ಲಿ ನೀವು ಬರೆದ ಅಂಕಿಗಳು ಸುಳ್ಳಾಗಿರುತ್ತವೆ.