ದುರ್ಗಿಗುಡಿಯ ಡಿಟಿಪಿ ಅಂಗಡಿ: ಕೊಟ್ಟದ್ದನ್ನು ಓದಿ ಟೈಪ್ ಮಾಡುವವರು

ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿಗಳಿಗೆ ಬರವಿಲ್ಲ. ಲಗ್ನಪತ್ರಿಕೆ, ಬಿಲ್ ಬುಕ್ಕು, ಶ್ರದ್ಧಾಂಜಲಿ ಫ್ಲೆಕ್ಸು ಎಲ್ಲಿ ಬೇಕಾದರೂ ಆಗುತ್ತವೆ. ಕೈಯಲ್ಲಿ ಬರೆದ ಕನ್ನಡದ ಹಸ್ತಪ್ರತಿ ಹಿಡಿದುಕೊಂಡು ಹೋಗಿ ಪುಸ್ತಕ ಮಾಡಿಸುವವರು ಮಾತ್ರ ಸ್ವಲ್ಪ ವಿಚಾರಿಸಿ ಮೆಟ್ಟಿಲು ಹತ್ತಬೇಕು. ನಾನು ಹತ್ತಿದ್ದು ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮೇಲಿರುವ ಕಡಿದಾದ ಮೆಟ್ಟಿಲು. ಮಂಡಿ ನೋವಿರುವವರು ಕೆಳಗಿನಿಂದಲೇ ಫೋನ್ ಮಾಡಿ. ಎತ್ತಿದರೆ ನಿಮ್ಮ ಪುಣ್ಯ.

ನಾನು ನಿವೃತ್ತ ಕನ್ನಡ ಶಿಕ್ಷಕಿ. ಸಾಗರದ ಕಡೆಯ ಅಡಿಕೆ ತೋಟದ ಮನೆಯವಳಾದರೂ ಪಾಠ ಮಾಡಿದ್ದೆಲ್ಲ ಸಿಸ್ಟರುಗಳು ನಡೆಸುವ ಶಾಲೆಯಲ್ಲಿ. ಅಲ್ಲಿನ ಹೆಡ್ ಸಿಸ್ಟರ್ ದೀಪಾವಳಿ ಆದಮೇಲೆ ಕರೆಸಿ, "ಟೀಚರ್, ಸಂತ ಜಾನ್ ನ್ಯೂಮನ್ ಬಗ್ಗೆ ಮಕ್ಕಳ ತಂದೆತಾಯಿಯರೂ ಓದುವ ಹಾಗೆ ಒಂದು ಸಣ್ಣ ಪುಸ್ತಕ ಬರೆದುಕೊಡಿ, ಜನವರಿ 5ರ ಹಬ್ಬಕ್ಕೆ ಬೇಕು" ಎಂದರು. ಓದಿಕೊಳ್ಳಲು ಒಂದು ರಾಶಿ ಕೊಟ್ಟರು. ನಾನು ಕ್ರೈಸ್ತಳಲ್ಲ, ಪವಾಡದ ಕಥೆ ನನ್ನಿಂದ ಬರೆಯಲಾಗುವುದಿಲ್ಲ ಎಂದೆ. ನ್ಯೂಮನ್ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಿಷಪ್, ಅಂದರೆ ಧರ್ಮಾಧ್ಯಕ್ಷ ಆಗಿದ್ದವರು. ಅವರು ಶಾಲೆ ಕಟ್ಟಿದ ಕಥೆ ಬರೆಯಿರಿ ಎಂದರು. ಅದಾದರೆ ಆಗುತ್ತದೆ.

ಹಸ್ತಪ್ರತಿ ಮೊದಲು ಹೋದದ್ದು ಬೇರೊಂದು ಅಂಗಡಿಗೆ. ಅವರು ನುಡಿ ತಂತ್ರಾಂಶದಲ್ಲಿ ಹೊಡೆದು ಯುನಿಕೋಡ್‌ಗೆ ಬದಲಾಯಿಸುವಾಗ ಅರ್ಕಾವೊತ್ತುಗಳೆಲ್ಲ ಎದ್ದು ಪಕ್ಕದ ಅಕ್ಷರದ ಮೇಲೆ ಕೂತವು. ಧರ್ಮಾಧ್ಯಕ್ಷರ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಐದಾರು ಅರ್ಕಾವೊತ್ತು. ತೋರಿಸಿದರೆ, "ಅರ್ಥ ಆಗುತ್ತಲ್ಲ ಮೇಡಂ" ಎಂದರು. ಹಾಳೆಗಳನ್ನು ವಾಪಸ್ ತಗೊಂಡು ಬಂದೆ.

ದುರ್ಗಿಗುಡಿಯ ಅಂಗಡಿಯಲ್ಲಿ ಇರುವವರು ಇಬ್ಬರೇ. ಯಜಮಾನರು ಚಿಕ್ಕಂದಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ ದುಡಿದವರು. ಅವರ ಕಣ್ಣು ಈಗಲೂ ಸಾಲಿನ ಕೊನೆಯ ಅಕ್ಷರದ ಮೇಲೇ ಇರುತ್ತದೆ. ಟೈಪ್ ಮಾಡುವವಳು ಒಬ್ಬ ಹುಡುಗಿ, ಡಿಗ್ರಿ ಮುಗಿಸಿದವಳು. ಈ ಹುಡುಗಿಗಾಗಿಯೇ ನಾನು ಇಷ್ಟುದ್ದ ಬರೆಯುತ್ತಿರುವುದು. ಅವಳು ಓದುತ್ತಾಳೆ. ಓದಿ ಪ್ರಶ್ನೆ ಕೇಳುತ್ತಾಳೆ. ಪ್ರೂಫಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿರುತ್ತಾಳೆ.

ಅವಳ ಮೊದಲ ಪ್ರಶ್ನೆ: "ಓದು ಮುಗಿಸಿದ್ದರಲ್ಲ, ಊರಲ್ಲೇ ಯಾಕೆ ಪಾದ್ರಿ ಆಗಲಿಲ್ಲ?" ನಾನು ಹಡಗು ಹತ್ತಿಸುವ ಅವಸರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಆಮೇಲೆ ಕೂತು ಬಿಡಿಸಿ ಬರೆದೆ. ನ್ಯೂಮನ್ ಹುಟ್ಟಿದ್ದು 1811ರಲ್ಲಿ, ಬೊಹೀಮಿಯಾದ ಪ್ರಾಚಟಿಟ್ಸ್ ಎಂಬ ಊರಿನಲ್ಲಿ. ಈಗ ಅದು ಚೆಕ್ ದೇಶಕ್ಕೆ ಸೇರಿದೆ. ಗಿಡಮೂಲಿಕೆ, ನಕ್ಷತ್ರ ಅಂದರೆ ಪ್ರಾಣ ಬಿಡುತ್ತಿದ್ದ ಹುಡುಗ. ಪ್ರಾಗ್‌ನಲ್ಲಿ ಓದಿ 1835ರಲ್ಲಿ ತಯಾರಾದಾಗ ಅವರ ಊರಿನ ಕಡೆಯ ಬಿಷಪ್ಪರಿಗೆ ಕಾಯಿಲೆ, ಜೊತೆಗೆ ಆ ಧರ್ಮಪ್ರಾಂತದಲ್ಲಿ, ಅಂದರೆ ಬಿಷಪ್ಪರ ಆಡಳಿತದ ಸೀಮೆಯಲ್ಲಿ, ಪಾದ್ರಿಗಳು ಆಗಲೇ ಬೇಕಾದ್ದಕ್ಕಿಂತ ಹೆಚ್ಚು. ದೀಕ್ಷೆ ಮುಂದಕ್ಕೆ ಹೋಯಿತು, ಯಾವಾಗ ಎಂದು ಯಾರೂ ಹೇಳಲಿಲ್ಲ. "ಅಂದರೆ ಪೋಸ್ಟಿಂಗ್ ಇಲ್ಲ" ಅಂದಳು ಹುಡುಗಿ. ಹೌದು, ಪೋಸ್ಟಿಂಗ್ ಇಲ್ಲ. ಸಮುದ್ರದಾಚೆ ಅಮೆರಿಕದಲ್ಲಿ ಜರ್ಮನ್ ವಲಸಿಗರಿಗೆ ಅವರ ಭಾಷೆ ಬಲ್ಲ ಪಾದ್ರಿಗಳು ಬೇಕಾಗಿದ್ದರು. 1836ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿದಾಗ ಮೈಮೇಲಿನ ಒಂದು ಜೊತೆ ಬಟ್ಟೆ, ಜೇಬಿನಲ್ಲಿ ಒಂದು ಡಾಲರ್ ಎಂದು ಚರಿತ್ರಕಾರರು ಹೇಳುತ್ತಾರೆ. ಅದೇ ತಿಂಗಳು ಅಲ್ಲಿನ ಬಿಷಪ್ ಜಾನ್ ದುಬುವಾ ದೀಕ್ಷೆ ಕೊಟ್ಟು ನಯಾಗರ ಜಲಪಾತದ ಕಡೆಗೆ, ಕಾಡು ಕಡಿದು ಗದ್ದೆ ಮಾಡಿಕೊಂಡಿದ್ದ ವಲಸಿಗರ ನಡುವೆ ಕಳುಹಿಸಿದರು.

ಇದನ್ನು ಸೇರಿಸಿದ್ದರಿಂದ ಪುಟ ಬೆಳೆಯಿತು. ಯಜಮಾನರು ಬೇಸರಿಸಲಿಲ್ಲ, ಆದರೆ ಲೆಕ್ಕ ಹೇಳಿದರು: ಡೆಮಿ 1/8 ಅಳತೆಯ ಪುಸ್ತಕದಲ್ಲಿ ಒಂದು ಫಾರಂ ಅಂದರೆ 16 ಪುಟ, 48 ಆದರೆ ಮೂರು ಫಾರಂ ಸರಿಹೋಗುತ್ತದೆ, 50 ಆದರೆ ಕಾಗದ ದಂಡ. ನನಗೆ ಬೆನ್ನಿನ ಮೇಲೆ ಹೆಸರು ಬರುವ ಪರ್ಫೆಕ್ಟ್ ಬೈಂಡಿಂಗ್ ಆಸೆ. "48 ಪುಟಕ್ಕೆ ಬೆನ್ನೆಲ್ಲಿ ಬರುತ್ತೆ ಟೀಚರ್? ಸೆಂಟರ್ ಪಿನ್ ಹೊಡೆಸಿ, ಮಕ್ಕಳ ಕೈಗೆ ಹೋಗೋದು" ಎಂದರು. ಹೆಚ್ಚು ಬಿಲ್ಲು ಮಾಡಬಹುದಾಗಿದ್ದ ಕಡೆ ಕಡಿಮೆ ಖರ್ಚಿನ ದಾರಿ ತೋರಿಸಿದ ಅಂಗಡಿಯವರು ನನಗೆ ಹೆಚ್ಚು ಸಿಕ್ಕಿಲ್ಲ.

ಇನ್ನು ಮುಖಪುಟದ ಗ್ರಹಚಾರ. ಮೊದಲ ಡಿಸೈನ್ ನೋಡಿದರೆ ಕೆಂಪು ಟೋಪಿ ಹಾಕಿದ, ಉದ್ದ ಮೂಗಿನ, ಬಿಳಿಕೂದಲಿನ ಅಜ್ಜ! ಯಜಮಾನರು ನೆಟ್ಟಿನಿಂದ ಇಳಿಸಿದ್ದು ಇಂಗ್ಲೆಂಡಿನ ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್‌ರನ್ನು. ಅವರೂ ಸಂತರೇ, 2019ರಲ್ಲಿ ಘೋಷಣೆಯಾದವರು. ಆದರೆ ಅವರು ಬದುಕಿದ್ದು 89 ವರ್ಷ; ನಮ್ಮವರಿಗೆ ಬಿಳಿಕೂದಲಿನ ಅಜ್ಜನಾಗುವಷ್ಟು ಆಯುಷ್ಯವೇ ಇರಲಿಲ್ಲ. ಸಿಸ್ಟರ್ ಕೊಟ್ಟಿದ್ದ ಹಳೆಯ ಫೋಟೋ ಸ್ಕ್ಯಾನ್ ಮಾಡಿಸಿದೆ. ಗುಂಡು ಮುಖದ, ಕುಳ್ಳ ಮನುಷ್ಯ. ಬದಲಾಯಿಸಿದ್ದಕ್ಕೆ ದುಡ್ಡು ಕೇಳಲಿಲ್ಲ, ಸರಿ. ಆದರೆ ಒಳಪುಟದಲ್ಲಿ ಅದೇ ಫೋಟೋ ಕಪ್ಪು ಹೊಡೆದಿದೆ, ಕಣ್ಣು ಹುಡುಕಬೇಕು. ಅರ್ಧ ಸ್ಟಾರ್ ಅಲ್ಲಿ ಹೋಯಿತು.

ಹುಡುಗಿಯ ಇನ್ನೊಂದು ಪೆನ್ಸಿಲ್ ಗುರುತು ಪುಸ್ತಕದ ಮರ್ಯಾದೆ ಉಳಿಸಿತು. ಹಿಂಬದಿ ರಕ್ಷಾಪುಟಕ್ಕೆ ಶಾಲೆಯಿಂದ ಬಂದಿದ್ದ ಮ್ಯಾಟರ್‌ನಲ್ಲಿ ಇವರ ಕಾಲದಲ್ಲಿ ಶಾಲೆಗಳು ಇನ್ನೂರಕ್ಕೆ ಏರಿದವು ಎಂದಿತ್ತು. ನನ್ನ ಒಳಪುಟದಲ್ಲಿ ನೂರು. "ಯಾವುದು ಇಡಲಿ?" ಎರಡೂ ಲೆಕ್ಕ ಪುಸ್ತಕಗಳಲ್ಲಿ ಓಡಾಡುತ್ತವೆ. ಎರಡನ್ನೂ ತೆಗೆಸಿ "ಹತ್ತಾರು ಹೊಸ ಶಾಲೆಗಳು" ಎಂದು ಹಾಕಿಸಿದೆ. ಸಂಖ್ಯೆಗಿಂತ ಕಾರಣ ಮುಖ್ಯ, ಅದಕ್ಕೆ ಎರಡು ಪುಟ ಕೊಟ್ಟಿದ್ದೇನೆ. ಆಗ ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಪ್ರೊಟೆಸ್ಟೆಂಟರ ಬೈಬಲ್ಲನ್ನೇ ಓದಿಸುತ್ತಿದ್ದರು. ಅದರ ಜಗಳ, ವಲಸಿಗರ ಮೇಲಿನ ಸಿಟ್ಟು ಎರಡೂ ಸೇರಿ 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಗಲಭೆಯಾಗಿ ಇಗರ್ಜಿಗಳು ಸುಟ್ಟುಹೋದವು. ಎಂಟು ವರ್ಷದ ನಂತರ, 1852ರ ಮಾರ್ಚ್ 28ಕ್ಕೆ, ತನ್ನ 41ನೇ ಹುಟ್ಟುಹಬ್ಬದ ದಿನ, ನ್ಯೂಮನ್ ಆ ಊರಿನ ಬಿಷಪ್ ಆದರು. ಅಷ್ಟರಲ್ಲಿ ಅವರು ರಿಡೆಂಪ್ಟರಿಸ್ಟ್ ಎಂಬ ಪಾದ್ರಿಗಳ ಸಭೆಯಲ್ಲಿ ವ್ರತ ತೊಟ್ಟು ಹತ್ತು ವರ್ಷವಾಗಿತ್ತು, ಅಮೆರಿಕದ ಪೌರತ್ವವೂ ಸಿಕ್ಕಿತ್ತು. ಊರ ಶ್ರೀಮಂತರಿಗೆ ಈ ಜರ್ಮನ್ ಉಚ್ಚಾರದ, ಗಿಡ್ಡ ಬಿಷಪ್ ಅಷ್ಟಾಗಿ ಹಿಡಿಸಲಿಲ್ಲ. ಅವರು ಬಿಡಿ ಬಿಡಿ ಶಾಲೆಗಳನ್ನು ಒಂದು ಮಂಡಳಿಯ ಕೆಳಗೆ ತಂದರು, ಪಾಠ ಮಾಡಲು ಸಿಸ್ಟರುಗಳನ್ನು ಕರೆಸಿದರು, 1855ರಲ್ಲಿ ಫ್ರಾನ್ಸಿಸ್ಕನ್ ಸಿಸ್ಟರುಗಳ ಹೊಸ ಸಭೆಯನ್ನೇ ಶುರು ಮಾಡಿಸಿದರು.

ಐರಿಷ್ ಭಾಷೆ ಕಲಿತದ್ದು ನನಗೆ ಬಹಳ ಇಷ್ಟವಾದ ಭಾಗ. ಇಂಗ್ಲಿಷ್ ಬಾರದ ಐರಿಷ್ ಕೂಲಿಗಳು ಪಾಪನಿವೇದನೆಗೆ ಬಂದರೆ ಕೇಳುವವರಿರಲಿಲ್ಲ ಎಂದು ಬಿಷಪ್ಪರೇ ಕೂತು ಕಲಿತರು. ಮುದುಕಿಯೊಬ್ಬಳು, ಸದ್ಯ ನಮಗೂ ಒಬ್ಬ ಐರಿಷ್ ಬಿಷಪ್ ಸಿಕ್ಕಿದ ಎಂದು ದೇವರಿಗೆ ಕೈ ಮುಗಿದಳಂತೆ. ಕೊಂಕಣಿ, ಉರ್ದು, ತಮಿಳು, ಲಂಬಾಣಿ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿದ್ದ ಕ್ಲಾಸಿಗೆ ಕನ್ನಡ ಕಲಿಸಿದವಳಿಗೆ ಈ ಸಂಗತಿ ಬೇರೆಯೇ ತರ ತಾಗುತ್ತದೆ. ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ, ಇಲ್ಲಿ ಬರೆದೆ.

ಯಜಮಾನರಿಗೆ ಹಿಡಿಸಿದ್ದು ಇನ್ನೊಂದು ಭಾಗ. ಕೆಥೆಡ್ರಲ್, ಅಂದರೆ ಬಿಷಪ್ಪರ ಮುಖ್ಯ ಇಗರ್ಜಿ, ಕಟ್ಟುವ ಸಾಲ, ಲೆಕ್ಕಪತ್ರ ಇವೆಲ್ಲ ನನ್ನಿಂದಾಗದು, ಧರ್ಮಪ್ರಾಂತವನ್ನು ಎರಡು ಮಾಡಿ, ಸಣ್ಣ ಊರಿನ ಕಡೆಯದು ನನಗಿರಲಿ ಎಂದು ನ್ಯೂಮನ್ ರೋಮ್‌ಗೆ ಬರೆದುಕೊಂಡಿದ್ದರು. ರೋಮ್ ಒಪ್ಪದೆ 1857ರಲ್ಲಿ ಸಹಾಯಕ್ಕೆ ಜೇಮ್ಸ್ ವುಡ್ ಎಂಬವರನ್ನು ಕೊಟ್ಟಿತು. ವುಡ್ ಮೊದಲು ಬ್ಯಾಂಕಿನಲ್ಲಿದ್ದವರು. "ಟೀಚರ್, ನಮ್ಮಲ್ಲಿ ಎಲ್ಲ ಬೆಂಗಳೂರಿಗೆ ಹಾಕಿಸಿಕೊಳ್ಳೋಕೆ ಓಡಾಡ್ತಾರೆ, ಇವರು ನೋಡಿ" ಎಂದು ನಕ್ಕು ಆ ಪ್ಯಾರಾದ ಅಕ್ಷರ ಒಂದು ಪಾಯಿಂಟ್ ದೊಡ್ಡದು ಮಾಡಿಬಿಟ್ಟಿದ್ದರು. ಸರಿ ಮಾಡಿಸಿದೆ.

ಕೊನೆಯ ಪುಟ ಚಿಕ್ಕದು. 1860ರ ಜನವರಿ 5, ಕೆಲಸಕ್ಕೆಂದು ಹೊರಗೆ ಹೋಗಿದ್ದವರು ಫಿಲಡೆಲ್ಫಿಯಾದ ಬೀದಿಯಲ್ಲೇ ಕುಸಿದು ತೀರಿಕೊಂಡರು. 48 ವರ್ಷ. 1977ರ ಜೂನ್‌ನಲ್ಲಿ ಆರನೇ ಪೌಲ್ ಪೋಪ್ ಸಂತ ಪದವಿ ಘೋಷಿಸಿದರು.

ದರದ ವಿಷಯ: ಟೈಪಿಂಗ್‌ಗೆ ಪುಟದ ಲೆಕ್ಕ, ಎರಡು ಪ್ರೂಫ್ ಅದರಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ. ಒಳಪುಟದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಮುದ್ರಣ ಅವರದೇ ಗೊತ್ತಿನ ಆಫ್‌ಸೆಟ್‌ನಲ್ಲಿ. ಕಲರ್ ಮುಖಪುಟ ಮಾತ್ರ ಬೆಂಗಳೂರಿನಲ್ಲಿ ಮುದ್ರಣವಾಗಿ ಬಸ್ ಪಾರ್ಸೆಲ್‌ನಲ್ಲಿ ಬರುತ್ತದೆ. ಕ್ರಿಸ್‌ಮಸ್ ಸಮಯದಲ್ಲಿ ಅದು ಬರುವಷ್ಟರಲ್ಲಿ ಸಿಸ್ಟರ್ ನನಗೆ ಫೋನು ಮಾಡುವುದನ್ನೇ ಬಿಟ್ಟಿದ್ದರು. ಹಬ್ಬದ ಹಿಂದಿನ ಸಂಜೆ ಕೈಗೆ ಸಿಕ್ಕಿತು.

ಮಳೆಗಾಲದಲ್ಲಿ ಇನ್ನೊಂದು ದೋಷ ಎದ್ದಿದೆ. ಮುಖಪುಟದ ಹೊರಮೈಗೆ ಮಾತ್ರ ಮ್ಯಾಟ್ ಲ್ಯಾಮಿನೇಷನ್, ಒಳಮೈ ಬರೀ ಕಾಗದ. ನಮ್ಮ ಕಡೆಯ ಆಷಾಢದ ಥಂಡಿಗೆ ಒಳಮೈ ನೀರು ಕುಡಿದು ಹಿಗ್ಗಿ, ಪುಸ್ತಕಗಳೆಲ್ಲ ಸುಟ್ಟ ಹಪ್ಪಳದ ಹಾಗೆ ಹೊರಕ್ಕೆ ಮುರುಟಿವೆ. ಮಲೆನಾಡಿನ ಗಿರಾಕಿಗೆ ಇದನ್ನು ಮೊದಲೇ ಹೇಳಬೇಕಿತ್ತು. ನೀವು ಮಾಡಿಸುವುದಾದರೆ ಲ್ಯಾಮಿನೇಷನ್ ಬೇಡ ಎನ್ನಿ, ವಾರ್ನಿಶ್ ಸಾಕು.

ಮೂರೂವರೆ ಸ್ಟಾರ್. ಟೈಪಿಂಗ್ ಒಂದಕ್ಕೇ ಆದರೆ ಐದು. ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಮದುವೆ ಸೀಸನ್‌ನಲ್ಲಿ ಹೋಗಬೇಡಿ, ಪ್ರೂಫ್ ನೋಡಲು ನಿಮ್ಮದೇ ಕೆಂಪು ಪೆನ್ನು ಇಟ್ಟುಕೊಳ್ಳಿ, ಅಲ್ಲಿರುವುದು ಬರೆಯುವುದಿಲ್ಲ.