ವರುಣ ಮಿತ್ರ, ಮೇಘದೂತ್, ದಾಮಿನಿ: ಕಾಫಿ ತೋಟದವರಿಗೆ ಯಾವುದು ಎಷ್ಟು ಉಪಯೋಗ?

ಮಳೆ, ಸಿಡಿಲಿನ ಮಾಹಿತಿ ಕೊಡೋ ಈ ಮೂರೂ ಸರ್ಕಾರದ್ದು, ಮೂರೂ ಫ್ರೀ, ಮೂರನ್ನೂ ಯೂಸ್ ಮಾಡ್ತಿದೀನಿ. ನಮ್ದು ಮೂಡಿಗೆರೆ ಕಡೆ ಸಣ್ಣ ತೋಟ, ಅರೇಬಿಕಾ ಸ್ವಲ್ಪ, ರೋಬಸ್ಟಾನೇ ಜಾಸ್ತಿ. ಒಂದನ್ನೇ ಇಟ್ಕೋ ಅಂದ್ರೆ ಕಣ್ಮುಚ್ಕೊಂಡು ವರುಣ ಮಿತ್ರ ಇಟ್ಕೊತೀನಿ.

ಯಾಕಂದ್ರೆ ಮಲೆನಾಡಲ್ಲಿ ಜಿಲ್ಲೆ ಲೆಕ್ಕದ ಮುನ್ಸೂಚನೆ ಸಾಕಾಗಲ್ಲ. ಚಿಕ್ಕಮಗಳೂರು ಜಿಲ್ಲೆ ಅಂದ್ರೆ ಕಡೂರೂ ಅದರಲ್ಲೇ ಬಂತು ಕೊಟ್ಟಿಗೆಹಾರವೂ ಅದರಲ್ಲೇ ಬಂತು, ಅಲ್ಲಿ ಬಿಸಿಲು ಕಾಯ್ತಿದ್ರೆ ಇಲ್ಲಿ ಸುರೀತಿರುತ್ತೆ. ವರುಣ ಮಿತ್ರ ಯಲಹಂಕದಲ್ಲಿರೋ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಹಾಯವಾಣಿ, 24 ಗಂಟೆನೂ ಇರುತ್ತೆ. ರಾಜ್ಯದಲ್ಲಿ 6,000ಕ್ಕೂ ಹೆಚ್ಚು ಕಡೆ, ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆ ಮಾಪಕ ಹಾಕಿದಾರೆ, ಅವು 15 ನಿಮಿಷಕ್ಕೊಂದ್ಸಲ ಲೆಕ್ಕ ಕಳಿಸ್ತವೆ. ಹಂಗಾಗಿ ಫೋನ್ ಮಾಡಿದ್ರೆ ಮುಂದೆ ಏನಾಗ್ಬಹುದು ಅನ್ನೋದರ ಜೊತೆಗೆ ಈಗಾಗ್ಲೇ ಪಕ್ಕದ ಪಂಚಾಯ್ತಿಲಿ ಎಷ್ಟು ಬಿದ್ದಿದೆ ಅಂತಾನೂ ಗೊತ್ತಾಗುತ್ತೆ, ನನಗೆ ದೊಡ್ಡ ಉಪಯೋಗ ಇದೇ. ಲೆಕ್ಕ ಮಿಲಿಮೀಟರಲ್ಲಿ, ನಮ್ಮ ಇಂಚು-ಸೆಂಟ್ಸ್‌ಗೆ ಮಾಡ್ಕೊಬೇಕು ಅಂದ್ರೆ 25 ಮಿಮೀ ಹತ್ರಹತ್ರ ಒಂದು ಇಂಚು, ಅಂದ್ರೆ ನೂರು ಸೆಂಟ್ಸ್.

ಫೆಬ್ರವರಿ-ಮಾರ್ಚಲ್ಲಿ ಇದರ ಬೆಲೆ ಗೊತ್ತಾಗೋದು. ಕಾಫಿ ಹೂ ಅರಳಿಸೋ ಹೂಮಳೆ ಬರುತ್ತಾ ಇಲ್ಲ ಜೆಟ್ (ಸ್ಪ್ರಿಂಕ್ಲರ್ ನೀರು) ಹಾಕ್ಬೇಕಾ ಅನ್ನೋದೇ ತಲೆನೋವು, ಪೈಪ್ ಎಳೆಸಿ ಡೀಸೆಲ್ ಸುಟ್ಟು ಹಗಲು ರಾತ್ರಿ ಹೊಡೆದ ಮಾರನೇ ದಿನವೇ ಒಂದು ಇಂಚು ಮಳೆ ಬಂದ್ರೆ ದುಡ್ಡು ಹೋಯ್ತು, ಕಾದು ಕೂತು ಮಳೆ ಬರ್ಲಿಲ್ಲ ಅಂದ್ರೆ ರೋಬಸ್ಟಾ ಮೊಗ್ಗು ಒಣಗಿ ವರ್ಷದ ಫಸಲೇ ಹೋಯ್ತು. ಹತ್ತು-ಇಪ್ಪತ್ತು ಸೆಂಟ್ಸ್ ಬಿದ್ದು ನಿಂತ್ರೆ ಇನ್ನೂ ಕಷ್ಟ, ಆಗ ತಕ್ಷಣ ಜೆಟ್ ಹಾಕಿ ನೀರು ಪೂರ್ತಿ ಮಾಡ್ಲೇಬೇಕು. ಕುಯ್ಲಲ್ಲೂ ಅಷ್ಟೇ, ಡಿಸೆಂಬರಲ್ಲಿ ಕಣದಲ್ಲಿ ಒಣಗೋಕೆ ಹರಡಿದ ಚೆರ್ರಿ (ಕಾಫಿ ಹಣ್ಣು) ನೆಂದು ಬೂಷ್ಟು ಹಿಡಿದ್ರೆ ವ್ಯಾಪಾರಿ ರೇಟ್ ಮುರಿಯೋದೇ. ಮಧ್ಯಾಹ್ನ ಒಂದು ಫೋನ್ ಮಾಡಿದ್ರೆ ಸಂಜೆಗೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ಬಹುದು.

ಮೇಘದೂತ್ 2019ರಲ್ಲಿ ಬಂದ ಆ್ಯಪ್, ಹವಾಮಾನ ಇಲಾಖೆದು. ಮುಂದಿನ 5 ದಿನದ ಮಳೆ, ಉಷ್ಣಾಂಶ, ತೇವಾಂಶ, ಗಾಳಿ ತೋರಿಸುತ್ತೆ, ಮಂಗಳವಾರ ಶುಕ್ರವಾರ ಬೆಳೆ ಸಲಹೆ ಬರುತ್ತೆ, ಕನ್ನಡದಲ್ಲೂ ಇದೆ. ಗೊಬ್ಬರ ಯಾವಾಗ ಹಾಕೋದು, ಬೋರ್ಡೋ (ಶಿಲೀಂಧ್ರ ರೋಗದ ಔಷಧಿ) ಯಾವಾಗ ಹೊಡೆಯೋದು ಅಂತ ವಾರದ ಪ್ಲಾನ್ ಮಾಡೋಕೆ ಚೆನ್ನಾಗಿದೆ. ಇವತ್ತು ಸಾಯಂಕಾಲ ಏನು ಅನ್ನೋಕಲ್ಲ.

ದಾಮಿನಿ ಆ್ಯಪ್ ಮಾತ್ರ ದಯವಿಟ್ಟು ಎಲ್ರೂ ಹಾಕ್ಕೊಳಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ್ದು, ನೀವಿರೋ ಜಾಗದ ಸುತ್ತ 20 ಮತ್ತು 40 ಕಿಮೀ ಒಳಗೆ ಸಿಡಿಲು ಹೊಡೀತಿದ್ರೆ ತೋರಿಸುತ್ತೆ. ಮಾರ್ಚ್ ಏಪ್ರಿಲಲ್ಲಿ ಕಾಳುಮೆಣಸು ಕುಯ್ಯೋರು ಬಳ್ಳಿ ಹಬ್ಬಿರೋ ಸಿಲ್ವರ್ ಮರಕ್ಕೆ ಅಲ್ಯೂಮಿನಿಯಂ ಏಣಿ ಹಾಕ್ಕೊಂಡು ತುದೀಲಿ ನಿಂತಿರ್ತಾರೆ, ನೆತ್ತಿ ಮೇಲೆ ಬಿಸಿಲಿರುತ್ತೆ, ಗುಡುಗೂ ಕೇಳಿಸ್ತಿರಲ್ಲ, ಆದ್ರೆ ದಾಮಿನೀಲಿ ಆಗ್ಲೇ ಚುಕ್ಕೆ ಬರೋಕೆ ಶುರುವಾಗಿರುತ್ತೆ. ಅದು ಕಂಡ ಕೂಡ್ಲೇ ನಮ್ಮಲ್ಲಿ ಎಲ್ರನ್ನೂ ಇಳಿಸಿ ಮನೆ ಹತ್ರ ಕರೀತೀವಿ, ಅರ್ಧ ದಿನದ ಕೆಲಸ ಹೋದ್ರೂ ಪರ್ವಾಗಿಲ್ಲ, ಕೂಲಿ ಪೂರ್ತಿ ಕೊಡ್ತೀವಿ. ಒಂದೇ ತೊಂದ್ರೆ, ಹಳ್ಳದ ಕಡೆ ನೆಟ್‌ವರ್ಕ್ ಸಿಗಲ್ಲ, ಅದಕ್ಕೆ ಮನೇಲಿರೋರು ಯಾರಾದ್ರೂ ನೋಡ್ತಾ ಇರ್ಬೇಕು.

ನನ್ನ ರೇಟಿಂಗ್ ವರುಣ ಮಿತ್ರಕ್ಕೆ 5ಕ್ಕೆ ನಾಲ್ಕೂವರೆ, ದಾಮಿನಿಗೆ 4, ಮೇಘದೂತ್‌ಗೆ 3. ವರುಣ ಮಿತ್ರಕ್ಕೆ ಫೋನ್ ಮಾಡೋವಾಗ ಊರಿನ ಹೆಸರಷ್ಟೇ ಹೇಳ್ಬೇಡಿ, ಒಂದೇ ಹೆಸರಿನ ಊರು ಬೇಕಾದಷ್ಟಿವೆ, ತಾಲ್ಲೂಕು ಹೋಬಳಿ ಪಂಚಾಯ್ತಿ ಮೂರೂ ಹೇಳಿ ಕೇಳಿ.