ಹದಿಮೂರು ವಾರದ ಗುಟ್ಟು, ಎರಡು ಬಗೆಯ ಸಾರು

2020ರ ಅಕ್ಟೋಬರ್‌ನಿಂದ ಮರುವರ್ಷದ ಜನವರಿಯ ಮೊದಲ ದಿನಗಳವರೆಗೆ ಪ್ರತಿ ಶುಕ್ರವಾರ ರಾತ್ರಿ ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆ. 'ಸ್ಟಾರ್ ಟ್ರೆಕ್: ಡಿಸ್ಕವರಿ' ಎಂಬ ಬಾಹ್ಯಾಕಾಶ ಧಾರಾವಾಹಿಯ ಕಂತು ಮುಗಿದು ಹೆಸರುಗಳು ತೆರೆಯ ಮೇಲೆ ಏರತೊಡಗಿದೊಡನೆ ಅಮ್ಮ ಕೇಳುತ್ತಿದ್ದಳು: "ಇವತ್ತಾದರೂ ಗೊತ್ತಾಯಿತೇ?"

ಇಲ್ಲ ಎನ್ನುತ್ತಿದ್ದೆ.

"ಹಾಗಾದರೆ ಇಷ್ಟು ಹೊತ್ತು ಏನು ಮಾಡಿದರು?"

ಡಿಸ್ಕವರಿಯ ಐದು ಸೀಸನ್‌ಗಳ 65 ಕಂತುಗಳನ್ನೂ ನೋಡಿ ಮುಗಿಸಿದ್ದೇನೆ. ಕೆಲವನ್ನು ಮೂರು ಬಾರಿ. ಅಮ್ಮನ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಹೊಳೆದಿಲ್ಲ. (ಗುಟ್ಟುಗಳನ್ನೆಲ್ಲ ಬಿಚ್ಚಿಡಲಿದ್ದೇನೆ. ನೋಡದವರು ಇಲ್ಲಿಗೇ ನಿಲ್ಲಿಸಿದರೆ ಬೇಸರವಿಲ್ಲ.)

ನಾನು ವಾರಕ್ಕೊಂದು ಕಂತು ನೋಡುವ ಪೈಕಿ. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ನಡುಮನೆಯ ದೀಪ ಆರಿಸಿ, ದಿನಸಿ ಲೆಕ್ಕದ ಪುಸ್ತಕವನ್ನು ತಿರುವಿ ಹಿಡಿದು ಕೂರುತ್ತಿದ್ದೆ. ಅದರ ಹಿಂಬದಿಯ ಹಾಳೆಗಳಲ್ಲಿ ಸುಳಿವುಗಳ ಪಟ್ಟಿ. ಡಿಸೆಂಬರ್ ಹೊತ್ತಿಗೆ ಅವರೆಕಾಯಿ ಬಂದಿತ್ತು. ಅಮ್ಮ ಪಕ್ಕದಲ್ಲಿ ನೆನೆಸಿದ ಕಾಳಿನ ಪಾತ್ರೆ ಇಟ್ಟುಕೊಂಡು ಹಿದುಕುತ್ತಿದ್ದಳು. ಹೆಬ್ಬೆರಳು ಒತ್ತಿದರೆ ಬೇಳೆ ಪುಳಕ್ಕನೆ ತಟ್ಟೆಗೆ, ಸಿಪ್ಪೆ ಕಾಗದದ ಮೇಲೆ. ಕತ್ತಲಲ್ಲೂ ಒಂದು ತಪ್ಪುತ್ತಿರಲಿಲ್ಲ. ಅವಳು ಅಲ್ಲಿ ಕೂತಿದ್ದು ಕಥೆಗಾಗಿ ಅಲ್ಲ, ಸಾರುವಿಗಾಗಿ. ಎತ್ತರದ, ಬಳುಕುವ ನಡಿಗೆಯ ಕೆಲ್ಪಿಯನ್ ಎಂಬ ಅನ್ಯಲೋಕದ ಜನಾಂಗದ ಆ ಅಧಿಕಾರಿಯ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ನಕ್ಕವಳು ಆಮೇಲೆ ಅವನ ಪಕ್ಷವನ್ನೇ ಹಿಡಿದಳು. "ಮನೆಯಲ್ಲೂ ಸಾರು, ಆಕಾಶದಲ್ಲೂ ಸಾರು."

ಈಗ ಜಗಳಕ್ಕೆ ಬರುತ್ತೇನೆ. ಮೂರನೇ ಸೀಸನ್‌ನಲ್ಲಿ ಡಿಸ್ಕವರಿ ಹಡಗು 930 ವರ್ಷ ಮುಂದಕ್ಕೆ ಹೋಗಿ ಬೀಳುತ್ತದೆ. ಅಷ್ಟರಲ್ಲಿ 'ಬರ್ನ್' ನಡೆದುಹೋಗಿರುತ್ತದೆ. ಹಡಗುಗಳನ್ನು ಓಡಿಸುವ ಡೈಲಿಥಿಯಮ್ ಹರಳು ಒಮ್ಮೆಗೇ ಸತ್ವಗೆಟ್ಟು, ಓಡುತ್ತಿದ್ದ ಹಡಗುಗಳೆಲ್ಲ ಸಿಡಿದು, ಲೋಕಗಳ ಒಕ್ಕೂಟ ಚೂರಾಗಿರುತ್ತದೆ. ಯಾರು ಮಾಡಿದರು, ಏಕೆ? ಸಿಡಿದ ಹಡಗುಗಳ ಕಪ್ಪುಪೆಟ್ಟಿಗೆಗಳನ್ನು ಕಥಾನಾಯಕಿ ಬರ್ನಮ್ ಒಂದೊಂದಾಗಿ ಹುಡುಕಿ ತಂದು, ಎಲ್ಲವೂ ಒಂದೇ ಕ್ಷಣಕ್ಕೆ ಸಿಡಿದಿಲ್ಲ ಎಂದು ಕಂಡುಕೊಂಡಾಗ ನಾನು ಪುಸ್ತಕದಲ್ಲಿ ಎರಡು ಗೆರೆ ಎಳೆದಿದ್ದೆ. ಪತ್ತೇದಾರಿಕೆ ಎಂದರೆ ಹೀಗಿರಬೇಕು ಅನ್ನಿಸಿತ್ತು. ಹದಿಮೂರು ವಾರ ಕಳೆದ ಮೇಲೆ ಸಿಕ್ಕ ಉತ್ತರ: ಡೈಲಿಥಿಯಮ್ ತುಂಬಿದ ಒಂದು ಗ್ರಹದಲ್ಲಿ ತಾಯಿ ಸತ್ತಾಗ ಒಬ್ಬ ಕೆಲ್ಪಿಯನ್ ಮಗು ಚೀರಿಕೊಂಡಿತ್ತು.

ಬೆಟ್ಟ ಅಗೆದು ಇಲಿ ಹಿಡಿದರು ಎನ್ನಬಹುದು. ಇಲಿಯ ಬಗ್ಗೆ ನನಗೆ ತಕರಾರಿಲ್ಲ, ಮುದ್ದಾದ ಇಲಿ. ಬೆಟ್ಟದ್ದೇ ತಕರಾರು. ಅದೇ ಕಥೆಯನ್ನು ಒಂದು ರಾತ್ರಿಯಲ್ಲಿ ಹೇಳಿದ್ದರೆ ಅತ್ತು ಮಲಗುತ್ತಿದ್ದೆ. ಹಿಂದೆ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಹಳೆಯ ಸ್ಟಾರ್ ಟ್ರೆಕ್‌ನ ಕರ್ಕ್ ಮತ್ತು ಸ್ಪಾಕ್ ಒಂದು ಲೋಕಕ್ಕೆ ಹೋಗಿ, ಅಲ್ಲಿನ ಗೋಜಲು ಬಿಡಿಸಿ, ಅಮ್ಮ ಸ್ನಾನಕ್ಕೆ ಕೂಗುವಷ್ಟರಲ್ಲಿ ಹಿಂತಿರುಗುತ್ತಿದ್ದರು. ಇಲ್ಲಿ ಪ್ರತಿ ಸೀಸನ್‌ಗೂ ಜೀವಸಂಕುಲವೇ ಅಳಿಯುವಂಥ ಒಂದು ಗಂಡಾಂತರ ಬೇಕು. ಅದು ಕೊನೆಯ ಕಂತಿನವರೆಗೆ ಬಗೆಹರಿಯಬಾರದು. ನಡುವಿನ ಕಂತುಗಳು ನೀರು ಬೆರೆಸಿದ ಮಜ್ಜಿಗೆ. ಚಂದಾ ಮಾತ್ರ ತಿಂಗಳು ತಿಂಗಳೂ ಗಟ್ಟಿ ಮೊಸರಿನದೇ.

ಇದಕ್ಕಿಂತ ಸಿಟ್ಟು ತರಿಸಿದ್ದು ಎರಡನೇ ಸೀಸನ್‌ನ ಏರಿಯಮ್. ಮೊದಲ ಸೀಸನ್‌ನಿಂದಲೂ ಅವಳು ಹಿಂದೆ ಎಲ್ಲೋ ಕೂತಿದ್ದಳು, ಯಂತ್ರದಂಥ ಮುಖದವಳು. ಅವಳ ಗಂಡ ಅಪಘಾತದಲ್ಲಿ ಸತ್ತಿದ್ದು, ನೆನಪಿಡಲು ಜಾಗ ಸಾಲದೆ ಅವಳು ಆಗಾಗ ಕೂತು ಯಾವ ನೆನಪು ಇರಲಿ, ಯಾವುದು ಹೋಗಲಿ ಎಂದು ಆರಿಸುತ್ತಿದ್ದದ್ದು, ಎಲ್ಲವೂ ತಿಳಿಯುವುದು ಒಂಬತ್ತನೇ ಕಂತಿನಲ್ಲಿ. ಅದೇ ಕಂತಿನಲ್ಲಿ ಅವಳನ್ನು ಒಂದು ಬಾಹ್ಯಾಕಾಶ ನೆಲೆಯ ಬಾಗಿಲಾಚೆ ಸಾಯಿಸಿದರು. ಸಹೋದ್ಯೋಗಿಗಳೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ನಾನು ಅವಳ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡದ್ದೇ ಅರ್ಧ ಗಂಟೆಯ ಹಿಂದೆ! ಇಡೀ ಸೀಸನ್ 'ಕೆಂಪು ದೇವತೆ' ಎಂಬ ನಿಗೂಢ ಆಕೃತಿಯ ಬೆನ್ನು ಹತ್ತುವ ಬದಲು ಇವಳಿಗೊಂದು ರಾತ್ರಿ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಹೀಗೆ ಗೊಣಗಿಕೊಂಡೇ ಕಳೆದ ವರ್ಷ ಮತ್ತೆ ನೋಡಲು ಕೂತೆ, ಈ ಸಲ ಕ್ರಮ ಬಿಟ್ಟು, ಬೇಕಾದ ಕಂತನ್ನಷ್ಟೇ ಹೆಕ್ಕಿಕೊಂಡು. ಎರಡನೇ ಸೀಸನ್‌ನ ನಾಲ್ಕನೆಯದನ್ನು ಹಾಕಿದೆ. ಸಾಯುತ್ತಿರುವ ಒಂದು ಪುರಾತನ ಗೋಳ ಹಡಗನ್ನು ಹಿಡಿದು ನಿಲ್ಲಿಸುತ್ತದೆ. ಭಾಷಾಂತರ ಯಂತ್ರ ಕೆಟ್ಟು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಭಾಷೆ. ಕಷ್ಟಪಟ್ಟು ಹತ್ತಾರು ಭಾಷೆ ಕಲಿತಿಟ್ಟುಕೊಂಡಿದ್ದ ಸಾರು, ಮೈ ಸುಡುತ್ತಿದ್ದರೂ ಬಂದು ಸರಿಪಡಿಸುತ್ತಾನೆ. ಅಮ್ಮ ಚಪ್ಪಾಳೆ ತಟ್ಟಿದಳು. ಆಮೇಲೆ ಅವನು ಸಾವು ಬಂತೆಂದು ನಂಬಿ, ತಲೆಯ ಹಿಂದಿನ ಭಯದ ನರಗಳನ್ನು ಕತ್ತರಿಸೆಂದು ಬರ್ನಮ್‌ಳನ್ನು ಬೇಡುತ್ತಾನೆ. ಅವಳು ಚಾಕು ಹಿಡಿದು ಮುಟ್ಟಿದರೆ ಅವು ತಾವಾಗಿಯೇ ಉದುರುತ್ತವೆ. ಅವನಿಗೆ ಸಾವಿಲ್ಲ, ಭಯವೂ ಇಲ್ಲ. ಅಮ್ಮ ಅಷ್ಟು ಹೊತ್ತು ಕೈಯಾಡಿಸಿರಲಿಲ್ಲ. ಈ ಕಂತನ್ನೂ ಬಿಡದೆ, ಆ ಗೋಳದ ಜ್ಞಾನಭಂಡಾರವನ್ನು ಸೀಸನ್‌ನ ಖಳಯಂತ್ರದ ಬೇಟೆಯಾಗಿ ಎಳೆದಾಡಿದರು ಎಂಬುದು ಬೇರೆ ಮಾತು. ಬಿಡಿಯಾಗಿ ನೋಡಿದರೆ ಅದು ಅಡ್ಡಬರುವುದಿಲ್ಲ.

ಬರ್ನ್‌ನ ಕೊನೆಯನ್ನೂ ಹಾಗೆಯೇ ನೋಡಿದೆ. ಅಂದು ಚೀರಿದ, ಬೆಳೆದೂ ಮಗುವಾಗಿಯೇ ಉಳಿದ ಸುಕಲ್‌ನ ಪಕ್ಕ ಸಾರು ಕೂತು, ತಾಯಿ ಸತ್ತ ಆ ಗಳಿಗೆಯನ್ನು ತಿರುಗಿ ನೋಡಲು ಧೈರ್ಯ ತುಂಬುವ ಬಗೆ ಚೆನ್ನಾಗಿದೆ. ಮೊದಲ ಸಲ ಉತ್ತರದ ಮೇಲಿನ ಕೋಪದಲ್ಲಿ ಅದು ಕಂಡೇ ಇರಲಿಲ್ಲ. ನಾಲ್ಕನೇ ಸೀಸನ್‌ನಲ್ಲೂ ಅಷ್ಟೇ: ರಾಸಾಯನಿಕಗಳು ಮತ್ತು ಬೆಳಕಿನಿಂದ ಮಾತಾಡುವ ಟೆನ್-ಸಿ ಜೀವಿಗಳ ಭಾಷೆಯನ್ನು ಅಕ್ಷರಾಭ್ಯಾಸದಂತೆ ಕಲಿಯುವ ಕಂತು ಸೊಗಸಾಗಿದೆ. ಅದು ಬರುವುದು ಹನ್ನೆರಡನೆಯದಾಗಿ.

ಇಂಥ ಧಾರಾವಾಹಿಗೆ ಚಂದಾ ಕಟ್ಟುವುದಾದರೆ ಸೀಸನ್ ಪೂರ್ತಿ ಬಂದ ಮೇಲೆ ಒಂದೇ ತಿಂಗಳಿಗೆ ಕಟ್ಟಿ. ನನ್ನಂತೆ ಕಂತಿಗೊಂದು ಕಥೆ ಬೇಕಾದವರಿಗೆ ಇದೇ ಬಳಗದ, 2022ರಲ್ಲಿ ಶುರುವಾದ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಇದೆ. ಡಿಸ್ಕವರಿಗೆ ನನ್ನದು ಐದಕ್ಕೆ ಎರಡೂವರೆ ನಕ್ಷತ್ರ. ಅಮ್ಮನದು ಸಾರು ಇರುವ ಕಂತುಗಳಿಗೆ ಐದು, ಇಲ್ಲದವನ್ನು ಅವಳು ಲೆಕ್ಕಕ್ಕೇ ಹಿಡಿಯುವುದಿಲ್ಲ.